ಬ್ರೇಕ್ ಆಯಿಲ್ ತುಂಬಿಸಿದ್ರೆ ಲೀಕ್ ನಿಲ್ಲಲ್ಲ

ಇವತ್ತಿನ ಮಾತು ಬ್ರೇಕ್ ಬಗ್ಗೆ, ಅದ್ರಲ್ಲೂ ಹಳೇ ಕಾರು ಇಟ್ಕೊಂಡವರಿಗೆ. ಮುಂದಿನ ಚಕ್ರದ ಒಳಬದಿ ಒದ್ದೆ ಕಾಣಿಸ್ತಿದೆ, ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳೀತಿದೆ. ಹೆಚ್ಚಿನವರು ಏನ್ ಮಾಡ್ತಾರೆ? ಒಂದು ಬಾಟಲಿ ತಂದು ಸುರಿದು ಓಡಿಸ್ತಾರೆ. ಊರೊಳಗೆ ನಿಧಾನಕ್ಕೆ ಹೋಗುವಾಗ ವ್ಯತ್ಯಾಸ ಗೊತ್ತಾಗದೇ ಇರಬಹುದು. ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ತಳ ಮುಟ್ಟಿದ್ರೆ ಗೊತ್ತಾಗುತ್ತೆ. ಆಗ ಗೊತ್ತಾಗಿ ಪ್ರಯೋಜನ ಏನು?

ಮೊದಲು ಅದು ನಿಜವಾಗ್ಲೂ ಲೀಕಾ ಅಂತ ನೋಡಿ. ಬ್ರೇಕ್ ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಆಯಿಲ್ ಮಟ್ಟ ನಿಧಾನವಾಗಿ ಇಳಿಯೋದು ಸಹಜ. ಆದ್ರೆ ಬೇಗ ಬೇಗ ಇಳೀತಿದ್ರೆ, ಚಕ್ರದ ಒಳಗೆ ಜಿಡ್ಡು ಇದ್ರೆ, ಚಕ್ರ ಬಿಚ್ಚಿ ನೋಡಲೇಬೇಕು. ಕ್ಯಾಲಿಪರ್ ಹತ್ರ ಸೋರೋ ಜಾಗ ಮುಖ್ಯವಾಗಿ ಮೂರು: ಹೋಸ್ ಸೇರೋ ಬೋಲ್ಟ್, ಏರ್ ತೆಗೆಯೋ ನಿಪ್ಪಲ್, ಪಿಸ್ಟನ್ ಸುತ್ತ ಇರೋ ರಬ್ಬರ್ ಸೀಲ್. ಬೋಲ್ಟ್ ಹತ್ರ ಸೋರಿದ್ರೆ ಬರೀ ವಾಷರ್ ಬದಲಾಯಿಸಿದ್ರೆ ಸಾಕಾಗಬಹುದು.

ಆ ಸೀಲ್‌ಗೆ ಎರಡು ಕೆಲಸ ಇದೆ. ಆಯಿಲ್ ಹೊರಗೆ ಬರದ ಹಾಗೆ ತಡೆಯುತ್ತೆ. ನೀವು ಪೆಡಲ್ ಬಿಟ್ಟಾಗ ಪಿಸ್ಟನ್‌ನ ಒಂಚೂರು ಹಿಂದಕ್ಕೆ ಎಳೆಯೋದೂ ಅದೇ. ರಬ್ಬರ್ ಗಟ್ಟಿಯಾದ್ರೆ ಒಂದು ಕಡೆ ಸೋರುತ್ತೆ, ಇನ್ನೊಂದು ಕಡೆ ಬ್ರೇಕ್ ಹಿಡ್ಕೊಂಡು ಚಕ್ರ ಬಿಸಿ ಆಗುತ್ತೆ.

ಇದನ್ನ ಮನೆಯಲ್ಲಿ ಮಾಡಬಹುದಾ? ಹಿಂದೆ ಡ್ರಮ್, ಮುಂದೆ ಡಿಸ್ಕ್ ಇರೋ ಸಣ್ಣ ಕಾರಿನ ಮುಂದಿನ ಕ್ಯಾಲಿಪರ್ ಆದ್ರೆ, ಗಾಡಿ ಕೆಲಸ ಅಭ್ಯಾಸ ಇದ್ರೆ, ಜೊತೆಗೆ ಇನ್ನೊಬ್ಬರು ಇದ್ರೆ ಮಾಡಬಹುದು. ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ಮತ್ತು ಅದೇ ಮಾಡೆಲ್‌ನ ಸೀಲ್ ಕಿಟ್ ಕೈಯಲ್ಲಿರಲಿ. ಹಿಂದಿನ ಡಿಸ್ಕ್ ಕ್ಯಾಲಿಪರ್‌ನಲ್ಲೇ ಹ್ಯಾಂಡ್ ಬ್ರೇಕ್ ಸೇರಿದ್ರೆ ಅದು ಬೇರೆ ಲೆಕ್ಕ, ಮೆಕ್ಯಾನಿಕ್‌ಗೆ ಬಿಡಿ.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಜಾಕ್ ಎತ್ತೋದಕ್ಕೆ ಮಾತ್ರ, ಭಾರ ಸ್ಟ್ಯಾಂಡ್ ಮೇಲೆ ಕೂರಬೇಕು. ಬಿಚ್ಚಿದ ಕ್ಯಾಲಿಪರ್‌ನ ಹೋಸ್‌ನಲ್ಲಿ ನೇತುಹಾಕಬೇಡಿ, ತಂತಿಯಿಂದ ಕಟ್ಟಿ.

ಪ್ಯಾಡ್ ತೆಗೆದು, ಪಿಸ್ಟನ್ ಎದುರಿಗೆ ಮರದ ತುಂಡು ಇಟ್ಟು, ಜೊತೆಯವರಿಗೆ ಪೆಡಲ್ ಮೆಲ್ಲಗೆ ಒತ್ತೋಕೆ ಹೇಳಿ. ಪಿಸ್ಟನ್ ತಾನಾಗೇ ಈಚೆ ಬರುತ್ತೆ. ಕಂಪ್ರೆಸರ್ ಗಾಳಿ ಹೊಡೆದು ತೆಗೆಯೋಕೆ ಹೋಗ್ಬೇಡಿ, ಗುಂಡಿನ ಥರ ಚಿಮ್ಮಿ ಬೆರಳು ಜಜ್ಜುತ್ತೆ. ಆಮೇಲೆ ಹೋಸ್ ಬಿಚ್ಚಿ, ಅದರ ಬಾಯಿ ಮುಚ್ಚಿ. ಮೇಲಿನ ಡಬ್ಬಿ ಪೂರ್ತಿ ಖಾಲಿ ಆಗಬಾರದು. ಎಬಿಎಸ್ ಘಟಕಕ್ಕೆ ಗಾಳಿ ಹೋದ್ರೆ, ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ ಅದು ಹೊರಗೆ ಬರಲ್ಲ.

ಈಗ ಪಿಸ್ಟನ್‌ನ ಬೆಳಕಿಗೆ ಹಿಡಿದು ನೋಡಿ. ನಿರ್ಧಾರ ಆಗೋದು ಇಲ್ಲೇ. ಮೈಮೇಲೆ ತುಕ್ಕಿನ ಗುಳಿ ಇದ್ರೆ ಹೊಸ ಸೀಲ್ ಹಾಕಿದ್ರೂ ಮತ್ತೆ ಸೋರುತ್ತೆ. ಉಪ್ಪುಕಾಗದ ಉಜ್ಜಿ ಸಮಾಧಾನ ಮಾಡ್ಕೋಬೇಡಿ, ಪಿಸ್ಟನ್ ಅಥವಾ ಇಡೀ ಕ್ಯಾಲಿಪರ್ ಬದಲಾಯಿಸಿ. ನುಣುಪಾಗಿದ್ರೆ ಮುಂದುವರಿಯಿರಿ.

ಹಳೇ ಸೀಲ್‌ನ ಮರದ ಕಡ್ಡಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿದ್ರೆ ಒಳಗೆ ಗೀರು ಬೀಳುತ್ತೆ. ತೊಳೆಯೋಕೆ ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್ ಮಾತ್ರ. ಪೆಟ್ರೋಲ್, ಡೀಸೆಲ್, ಗ್ರೀಸ್ ತಗುಲಿದ್ರೆ ಆ ರಬ್ಬರ್ ಊದಿಕೊಂಡು ಹಾಳಾಗುತ್ತೆ. ಹೊಸ ಸೀಲ್‌ಗೆ ಬ್ರೇಕ್ ಆಯಿಲ್ ಸವರಿ ಕೂರಿಸಿ, ಹೊರಗಿನ ಧೂಳಿನ ರಬ್ಬರ್ ಕವರ್ ಸೇರಿಸಿ, ಪಿಸ್ಟನ್‌ನ ನೇರವಾಗಿ ಒಳಗೆ ಒತ್ತಿ. ಹೋಸ್ ಬೋಲ್ಟ್‌ಗೆ ಎರಡು ಕಡೆಯೂ ಹೊಸ ವಾಷರ್ ಹಾಕಿ, ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಆಯಿಲ್ ಕುಡಿದ ಪ್ಯಾಡ್ ತೊಳೆದ್ರೆ ಸರಿಹೋಗಲ್ಲ. ಎರಡೂ ಮುಂದಿನ ಚಕ್ರಗಳಿಗೆ ಹೊಸದು ಹಾಕಿ.

ಇನ್ನು ಏರ್ ತೆಗೆಯೋದು. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಅದರ ತುದಿಯನ್ನ ಸ್ವಲ್ಪ ಆಯಿಲ್ ಇರೋ ಬಾಟಲಿಯಲ್ಲಿ ಮುಳುಗಿಸಿ. ಜೊತೆಯವರು ಪೆಡಲ್ ಒತ್ತಿ ಹಿಡೀಬೇಕು, ನೀವು ನಿಪ್ಪಲ್ ಸಡಿಲ ಮಾಡ್ಬೇಕು, ಮತ್ತೆ ಬಿಗಿ ಮಾಡಿದ ಮೇಲೇ ಅವರು ಕಾಲು ಎತ್ತಬೇಕು. ಗುಳ್ಳೆ ನಿಲ್ಲೋವರೆಗೂ ಇದೇ. ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲೇ ಇರಬೇಕು. ಕೆಳಗೆ ಬಂದಿದ್ರೆ ಎಡಗಡೆಯದ್ದು ಬಲಗಡೆಗೆ ಕೂತಿದೆ ಅಂತ. ಹಾಗಿದ್ರೆ ಎಷ್ಟು ಒತ್ತಿದ್ರೂ ಗಾಳಿ ಪೂರ್ತಿ ಹೋಗಲ್ಲ.

ಆಯಿಲ್ ಯಾವುದು ಅಂತ ಡಬ್ಬಿ ಮುಚ್ಚಳದ ಮೇಲೇ ಬರೆದಿರುತ್ತೆ. ಅದು ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಬ್ರೇಕ್ ಕಾದಾಗ ಆ ವ್ಯತ್ಯಾಸವೇ ನಿಮ್ಮ ಪ್ರಾಣ ಕಾಯೋದು. ಹಾಗಾಗಿ ಸೀಲ್ ಒಡೆಯದ ಹೊಸ ಬಾಟಲಿಯನ್ನೇ ಬಳಸಿ, ಹೊರಬಂದ ಆಯಿಲ್‌ನ ಮತ್ತೆ ಸುರೀಬೇಡಿ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗೋವರೆಗೂ ಪಂಪ್ ಮಾಡಿ. ಇಲ್ಲದಿದ್ರೆ ಮೊದಲ ಸಲ ಒತ್ತಿದಾಗ ಬ್ರೇಕೇ ಇರಲ್ಲ, ಎದುರಿಗೆ ಕಾಂಪೌಂಡ್ ಗೋಡೆ ಇರುತ್ತೆ. ಎಂಜಿನ್ ಶುರು ಮಾಡಿ, ಜೋರಾಗಿ ಒಂದು ನಿಮಿಷ ಒತ್ತಿ ಹಿಡೀರಿ. ಪೆಡಲ್ ಮೆಲ್ಲಗೆ ಕುಸೀತಾ ಹೋದ್ರೆ ಕೆಲಸ ಮುಗಿದಿಲ್ಲ. ನಿಂತ್ರೆ, ಖಾಲಿ ರಸ್ತೆಯಲ್ಲಿ ನಡಿಗೆ ವೇಗದಲ್ಲಿ ಪರೀಕ್ಷೆ ಮಾಡಿ. ಮಾರನೇ ದಿನ ಒಣ ಬಟ್ಟೆಯಿಂದ ಒರೆಸಿ ನೋಡಿ, ಆಯಿಲ್ ಮಟ್ಟ ನೋಡಿ.

ಒಂದು ಕೊನೇ ಮಾತು. ಪೆಡಲ್ ಈಗಾಗಲೇ ತಳಕ್ಕೆ ಹೋಗ್ತಿದ್ರೆ 'ಗ್ಯಾರೇಜ್ ಇಲ್ಲೇ ಪಕ್ಕದಲ್ಲಿದೆ' ಅಂತ ಓಡಿಸಬೇಡಿ. ಮೆಕ್ಯಾನಿಕ್‌ನ ಮನೆಗೇ ಕರೆಸಿ, ಇಲ್ಲಾಂದ್ರೆ ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಅರ್ಧ ಕಿಲೋಮೀಟರ್‌ನಲ್ಲೂ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟ್ತಿರ್ತಾರೆ.