ಮನೆಯ ಮೊಲವೂ ಅದರ ಎಲ್ಲೆಯೂ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ನಾನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಅದು ಹಟಮಾರಿ ಮನುಷ್ಯರನ್ನು ಕುರಿತ ಮಾತೇ ಹೊರತು ಮೊಲವನ್ನು ಕುರಿತದ್ದಲ್ಲ ಎಂದು ಮಕ್ಕಳಿಗೆ ವಿವರಿಸಿಯೂ ಇದ್ದೇನೆ. ಆದರೆ ನಿಜವಾದ ಮೊಲವೊಂದು ನಮ್ಮ ಮನೆಗೆ ಬಂದು ಸೇರಿದ ಮೇಲೆ, ಆ ಗಾದೆ ನನಗಾಗಿಯೇ ಹುಟ್ಟಿದ್ದೋ ಏನೋ ಎಂದು ಅನ್ನಿಸಿತು. ಆ ಕಥೆಯನ್ನೂ, ಅದರಿಂದ ನಾನು ಕಲಿತ ನಾಲ್ಕು ಮಾತುಗಳನ್ನೂ ಈಗ ನಿಮ್ಮ ಮುಂದೆ ಇಡುತ್ತೇನೆ. ಈಚೆಗೆ ಪಟ್ಟಣದ ಮನೆಗಳಲ್ಲಿ ಮೊಲ ಸಾಕುವ ಅಭ್ಯಾಸ ಉಂಟಾಗಿರುವುದರಿಂದ, ನಿಮ್ಮಲ್ಲಿ ಕೆಲವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ನಮ್ಮದು ಚಿಕ್ಕಯ್ಯನಛತ್ರದ ಕಡೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಕಿರಿಯ ಮಗಳಿಗೆಂದು ಬಿಳಿಯ ಗಂಡು ಮೊಲದ ಮರಿಯೊಂದನ್ನು ತಂದುಕೊಟ್ಟ. ಮೊದಲ ನಾಲ್ಕು ತಿಂಗಳು ಅದರಂಥ ಸಾಧುಪ್ರಾಣಿ ಇನ್ನೊಂದಿಲ್ಲ ಎನ್ನುವಂತಿತ್ತು. ನಡುಮನೆಯ ಒಂದು ಮೂಲೆಯಲ್ಲಿ ಹಾಸಿದ ಹಳೆಯ ಪತ್ರಿಕೆಯ ಮೇಲೆಯೇ ಅದರ ಶೌಚವೆಲ್ಲ. ಐದನೆಯ ತಿಂಗಳು ನಡೆಯುತ್ತಿರುವಾಗ ಅದರ ನಡತೆ ಇದ್ದಕ್ಕಿದ್ದಂತೆ ಕೆಟ್ಟಿತು. ಗೋಡೆಯ ಬುಡಕ್ಕೆ, ಜಮಖಾನದ ಅಂಚಿಗೆ, ಬಾಗಿಲ ಚೌಕಟ್ಟಿಗೆ ಮೂತ್ರ ಚಿಮ್ಮಿಸತೊಡಗಿತು. ನಾನು ಕುರ್ಚಿಯಲ್ಲಿ ಕುಳಿತರೆ ನನ್ನ ಕಾಲ ಸುತ್ತ ಗುಂಯ್‌ಗುಡುತ್ತ ನಾಲ್ಕು ಸುತ್ತು ಹಾಕಿ ಪಂಚೆಗೂ ಅದೇ ಅಭಿಷೇಕ. ತಿದ್ದಲು ತಂದಿಟ್ಟ ಉತ್ತರಪತ್ರಿಕೆಗಳ ಕಟ್ಟೂ ಉಳಿಯಲಿಲ್ಲ. ಕಡೆಗೊಂದು ದಿನ ನಮ್ಮ ತಾಯಿಯವರ ಮಡಿ ಸೀರೆ ಗಳುವಿನಿಂದ ಜಾರಿ ನೆಲಕ್ಕೆ ಬಿದ್ದದ್ದೇ ತಡ, ಅದರ ಮೇಲೂ ಮುದ್ರೆ ಬಿತ್ತು.

“ಲೋ, ಒಂದೋ ಈ ಮನೆಯಲ್ಲಿ ಅದಿರಬೇಕು, ಇಲ್ಲ ನನ್ನ ಮಡಿ ಇರಬೇಕು. ನೀನೇ ಹೇಳು” ಎಂದರು ತಾಯಿಯವರು.

ನಾನು ಮೇಷ್ಟರು ತಾನೆ? ನನಗೆ ಗೊತ್ತಿದ್ದ ಮದ್ದು ಶಿಕ್ಷೆ. ಪತ್ರಿಕೆಯನ್ನು ಸುರುಳಿ ಸುತ್ತಿ ಬೆದರಿಸಿದೆ. ಒಂದೆರಡು ಸಲ ಹೊಡೆದೂ ಹೊಡೆದೆ. ಇಡೀ ಮನೆಗೆ ಫಿನಾಯಿಲ್ ಹಾಕಿ ತೊಳೆಸಿದೆ. ನೀರು ಕುಡಿದರೆ ತಾನೆ ಮೂತ್ರ ಎಂದು ಅದರ ನೀರಿನ ಬಟ್ಟಲನ್ನೂ ಅರ್ಧ ದಿನ ತೆಗೆದಿಟ್ಟೆ. ಈ ಮೂರೂ ತಪ್ಪು. ಅದು ನನ್ನನ್ನು ಕಂಡರೆ ಮಂಚದ ಅಡಿಗೆ ಓಡಿಹೋಗುವುದನ್ನು ಕಲಿಯಿತು. ಚಿಮ್ಮಿಸುವುದನ್ನು ಮಾತ್ರ ಬಿಡಲಿಲ್ಲ, ಹೆಚ್ಚು ಮಾಡಿತು. ಕೊನೆಗೆ ಬೇಸತ್ತು, ನಾಲೆಯ ಏರಿಯ ಮೇಲೆ ಹುಲ್ಲಿರುವ ಕಡೆ ಬಿಟ್ಟುಬರೋಣವೆಂದು ಅದನ್ನು ಬುಟ್ಟಿಯಲ್ಲಿಟ್ಟು ಹೊರಟೆ. ಮಗಳು ಅಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಒಂದು ಹಿಡಿ ಗರಿಕೆಯನ್ನು ಕಿತ್ತು ತಂದು ಬುಟ್ಟಿಯೊಳಗಿಟ್ಟು ಒಳಗೆ ಹೋದಳು.

ದಾರಿಯಲ್ಲಿ ಪರಿಚಯದ ಪಶುವೈದ್ಯರೊಬ್ಬರು ಎದುರಾದರು. “ಏನು ಮೇಷ್ಟ್ರೇ, ಬುಟ್ಟಿಯಲ್ಲಿ?” ಎಂದರು. ಹೇಳಿದೆ. ಅವರು ಬುಟ್ಟಿಯ ಮುಚ್ಚಳ ತೆಗೆದು ನೋಡಿ, “ಇದನ್ನು ಏರಿಯ ಮೇಲೆ ಬಿಟ್ಟರೆ ಸಂಜೆಯೊಳಗೆ ನಾಯಿಯ ಪಾಲು. ಇದು ಹೊಲದ ಮೊಲವಲ್ಲ. ತಪ್ಪಿಸಿಕೊಳ್ಳಲು ಇದಕ್ಕೆ ದಾರಿ ತಿಳಿಯದು” ಎಂದರು. ಆಮೇಲೆ ನಗುತ್ತ, “ಮೇಷ್ಟ್ರೇ, ಜಾತ್ರೆಯ ದಿನ ನಂಜನಗೂಡಿನ ನಿಲ್ದಾಣದಲ್ಲಿ ಬಸ್ಸು ಬಂದರೆ ನೀವೇನು ಮಾಡುತ್ತೀರಿ?” ಎಂದು ಕೇಳಿದರು.

“ಕಿಟಕಿಯಿಂದ ಸೀಟಿಗೆ ಟವೆಲ್ಲು ಹಾಕುತ್ತೇನೆ” ಎಂದೆ.

“ಇದೂ ಅದನ್ನೇ ಮಾಡುತ್ತಿದೆ. ಇದರ ಹತ್ತಿರ ಟವೆಲ್ಲಿಲ್ಲ, ಅಷ್ಟೆ.”

ನನ್ನ ಕಣ್ಣು ತೆರೆದದ್ದು ಆಗ. ಛತ್ರವೆಂಬ ಹೆಸರನ್ನೇ ಹೊತ್ತ ಊರಿನ ಕಡೆಯವನು ನಾನು. ಛತ್ರಕ್ಕೆ ಬಂದ ದಾರಿಹೋಕ ಮೊದಲು ಮಾಡುವ ಕೆಲಸವೇನು? ಜಗಲಿಯ ಮೇಲೆ ತನ್ನ ಚಾಪೆಯನ್ನೋ ವಸ್ತ್ರವನ್ನೋ ಹಾಸಿ, ‘ಇಷ್ಟು ನನ್ನದು’ ಎಂದು ತೋರಿಸುವುದು. ಹೊಲಕ್ಕೆ ಬಾಂದುಕಲ್ಲು ನೆಡುತ್ತೇವೆ. ಹಿಂದಿನವರು ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು ನಿಲ್ಲಿಸುತ್ತಿದ್ದರು. ಮೊಲಕ್ಕೆ ಕಲ್ಲೂ ಇಲ್ಲ, ಅಕ್ಷರವೂ ಇಲ್ಲ. ಅದರ ಶಾಸನವೆಲ್ಲ ವಾಸನೆಯಲ್ಲಿ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ನಾವು ಮೊಲ ಎಂಬ ಒಂದೇ ಮಾತಿನಿಂದ ಎರಡು ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ನಮ್ಮ ಹೊಲ ಕುರುಚಲುಗಳಲ್ಲಿರುವ ಕಂದುಬಣ್ಣದ ಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ತೆರೆದಿರುತ್ತದೆ. ಅದು ವನ್ಯಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯಲೂ ಕೂಡದು, ಸಾಕಲೂ ಕೂಡದು. ನಾವು ಮನೆಯಲ್ಲಿ ಸಾಕುವ ಮೊಲದ ಮೂಲ ಯೂರೋಪಿನ ಸ್ಪೇನ್, ಪೋರ್ಚುಗಲ್ ಕಡೆಯದು. ಅದರ ಮರಿ ಹುಟ್ಟುವಾಗ ಮೈ ಬರಿದು, ಕಣ್ಣು ಮುಚ್ಚಿರುತ್ತದೆ. ಅಲ್ಲಿ ಅದು ನೆಲದೊಳಗೆ ಬಿಲಗಳ ಊರನ್ನೇ ಕಟ್ಟಿಕೊಂಡು ಗುಂಪಾಗಿ ಬಾಳುವ ಪ್ರಾಣಿ. ಗುಂಪಾಗಿ ಬಾಳುವವರಿಗೆ ಎಲ್ಲೆಯ ಚಿಂತೆ ಹೆಚ್ಚು. ಇದು ನಮಗೂ ತಿಳಿದ ಸಂಗತಿಯೇ.

1859ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಒಬ್ಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಈ ಮೊಲಗಳನ್ನು ತರಿಸಿ ಬಿಟ್ಟ. ಅವು ಬೆಳೆದು ದೇಶಕ್ಕೇ ಪೀಡೆಯಾದವು. ಆ ಪೀಡೆಯ ನಿವಾರಣೆಗಾಗಿ ಮೊಲದ ನಡತೆಯನ್ನು ಹತ್ತಿರದಿಂದ ನೋಡಿದವರಲ್ಲಿ ಮಿಕಿಟೋವಿಚ್ ಎಂಬ ವಿಜ್ಞಾನಿ ಒಬ್ಬರು. ಮೊಲದ ಗದ್ದದ ಅಡಿಯಲ್ಲಿ ವಾಸನೆಯ ಗ್ರಂಥಿಗಳಿವೆ, ಗುಂಪಿನಲ್ಲಿ ಯಜಮಾನಿಕೆ ಮಾಡುವ ಗಂಡಿಗೆ ಅವು ದೊಡ್ಡವಾಗಿರುತ್ತವೆ, ಅದೇ ಹೆಚ್ಚಾಗಿ ಗುರುತು ಹಾಕುತ್ತದೆ ಎಂದು ಅವರು 1960ರ ದಶಕದಲ್ಲಿ ತೋರಿಸಿಕೊಟ್ಟರು. ನಿಮ್ಮ ಮನೆಯ ಮೊಲ ಕುರ್ಚಿಯ ಕಾಲಿಗೆ, ಬಾಗಿಲ ಮೂಲೆಗೆ ಗದ್ದ ಉಜ್ಜುವುದನ್ನು ಕಂಡಿದ್ದೀರಾ? ಅದೂ ಒಂದು ಸಹಿಯೇ. ನಮ್ಮ ಮೂಗಿಗೆ ತಿಳಿಯದ್ದರಿಂದ ನಾವು ಅದನ್ನು ಮುದ್ದೆನ್ನುತ್ತೇವೆ. ಮೂತ್ರದ ಸಹಿ ಮೂಗಿಗೆ ಬಡಿಯುವುದರಿಂದ ಅದನ್ನು ಕೊಳಕೆನ್ನುತ್ತೇವೆ. ಮೊಲಕ್ಕೆ ಎರಡೂ ಒಂದೇ.

ಹಾಗಾದರೆ ಗುರುತು ಹಾಕುವುದು ಯಾವುದು, ಅಭ್ಯಾಸವಿಲ್ಲದೆ ಹೊಯ್ಯುವುದು ಯಾವುದು, ಕಾಯಿಲೆ ಯಾವುದು? ಇದನ್ನು ಮೊದಲು ತಿಳಿಯತಕ್ಕದ್ದು. ಒಂದೇ ಕಡೆ ಕೊಳದಂತೆ ನಿಂತಿದ್ದರೆ ಅದು ಶೌಚ. ಸ್ವಲ್ಪ ಸ್ವಲ್ಪವಾಗಿ ಹಲವು ಕಡೆ, ಅದರಲ್ಲೂ ಗೋಡೆಗೆ ಗೆರೆ ಎಳೆದಂತೆ ಚಿಮ್ಮಿದ್ದು, ಜೊತೆಗೆ ಹಿಕ್ಕೆಗಳು ಅಲ್ಲಲ್ಲಿ ಚೆಲ್ಲಿದ್ದರೆ ಅದು ಗುರುತು. ತಿಣುಕಿ ತಿಣುಕಿ ಹೊಯ್ಯುವುದು, ತೊಟ್ಟಿಕ್ಕುತ್ತಲೇ ಇರುವುದು, ಹಿಂಭಾಗ ಸದಾ ಒದ್ದೆಯಾಗಿರುವುದು, ಮೇವು ಬಿಡುವುದು – ಇವು ಕಾಯಿಲೆಯ ಲಕ್ಷಣ. ಆಗ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬಣ್ಣವನ್ನು ಕಂಡು ಗಾಬರಿಯಾಗಬೇಕಿಲ್ಲ. ಮೊಲ ತನ್ನ ಆಹಾರದ ಹೆಚ್ಚಿನ ಸುಣ್ಣದ ಅಂಶವನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಅದು ಮಬ್ಬಾಗಿ ಬಿಳಿಯಾಗಿರುವುದುಂಟು. ತಿಂದ ಸೊಪ್ಪಿನ ದೆಸೆಯಿಂದ ಕೆಂಪಾಗುವುದೂ ಉಂಟು. ಆದರೆ ಕೆಂಪಿನ ಜೊತೆಗೆ ಮೊಲ ಮಂಕಾಗಿದ್ದರೆ ರಕ್ತವಿದ್ದೀತೆಂದು ತೋರಿಸಿಬಿಡುವುದೇ ಕ್ಷೇಮ.

ಇನ್ನು ಉಪಾಯಗಳ ಮಾತು. ಎಲ್ಲಕ್ಕಿಂತ ಬಲವಾದದ್ದು ಸಂತಾನಹರಣ ಶಸ್ತ್ರಚಿಕಿತ್ಸೆ. ಮೊಲ ನಾಲ್ಕರಿಂದ ಆರು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ; ಚಿಮ್ಮಿಸುವುದು ಶುರುವಾಗುವುದೂ ಆಗಲೇ. ಗಂಡಿನಲ್ಲಿ ಇದು ಹೆಚ್ಚು, ಹೆಣ್ಣಿನಲ್ಲಿ ಇಲ್ಲವೆಂದಲ್ಲ. ಹೆಣ್ಣು ಮೊಲಕ್ಕೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕ್ಯಾನ್ಸರ್ ಬರುವ ಸಂಭವ ಬಹಳವಾದ್ದರಿಂದ, ಈ ಚಿಕಿತ್ಸೆ ಅದರ ಆಯುಸ್ಸಿಗೂ ಒಳ್ಳೆಯದು. ಆದರೆ ಮೊಲಕ್ಕೆ ಅರಿವಳಿಕೆ ಕೊಡುವುದು ಸೂಕ್ಷ್ಮದ ಕೆಲಸ. ಮೊಲಗಳಿಗೆ ಮಾಡಿ ಅಭ್ಯಾಸವಿರುವ ವೈದ್ಯರನ್ನೇ ಹುಡುಕಿಕೊಂಡು ಹೋಗಿ. ನಾಯಿ ಬೆಕ್ಕುಗಳಂತೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬಾರದು. ಮೊಲ ವಾಂತಿ ಮಾಡಲಾರದು, ಅದರ ಕರುಳು ಖಾಲಿಯಾಗಿ ನಿಲ್ಲಲೂ ಬಾರದು. ಮರುದಿನವೇ ಗುಣ ಕಾಣಲಿಲ್ಲವೆಂದು ಬೇಸರಪಡಬೇಡಿ. ಪ್ರಾಯದ ರಸ ರಕ್ತದಿಂದ ಇಳಿಯುವುದಕ್ಕೆ ಕೆಲವು ವಾರ ಹಿಡಿಯುತ್ತದೆ. ಅಷ್ಟು ದಿನ ಗಂಡನ್ನು ಹೆಣ್ಣಿನ ಜೊತೆ ಬಿಡಲೂ ಕೂಡದು.

ಎರಡನೆಯದು, ಅದಕ್ಕೊಂದು ಸ್ವಂತ ಜಾಗ. ಅದು ತಾನಾಗಿ ಆರಿಸಿಕೊಂಡ ಮೂಲೆಯಲ್ಲಿಯೇ ಅಗಲವಾದ ಪ್ಲಾಸ್ಟಿಕ್ ಟ್ರೇ ಒಂದನ್ನು ಇಡಿ. ತಳಕ್ಕೆ ಪತ್ರಿಕೆ, ಅದರ ಮೇಲೆ ಒಣಹುಲ್ಲು. ಮೊಲ ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿಯಾದ್ದರಿಂದ, ಮೇವನ್ನೂ ಟ್ರೇಯ ಒಂದು ತುದಿಗೇ ಇಡಿ. ಬೇರೆಡೆ ಬಿದ್ದ ಹಿಕ್ಕೆಯನ್ನು ಆಯ್ದು ಅಲ್ಲಿಗೇ ಹಾಕಿ. ಮೂತ್ರ ಒರೆಸಿದ ಕಾಗದದ ಚೂರನ್ನೂ ಅಲ್ಲೇ ಇಡಿ. ಟ್ರೇ ತೊಳೆಯುವಾಗಲೂ ವಾಸನೆಯೆಲ್ಲ ಹೋಗುವಂತೆ ಉಜ್ಜಬೇಡಿ. ಸಹಿ ಅಳಿಸಿದರೆ ಮತ್ತೆ ಸಹಿ ಹಾಕಬೇಕಲ್ಲವೆ? ನಾನು ಇಡೀ ಮನೆಗೆ ಫಿನಾಯಿಲ್ ಹಾಕಿ ಮಾಡಿದ ತಪ್ಪು ಅದೇ. ಅದರ ಶಾಸನವನ್ನೆಲ್ಲ ಒಂದೇ ದಿನದಲ್ಲಿ ಅಳಿಸಿ, ಮರುದಿನ ಮತ್ತೆ ಬರೆಯುವ ಕೆಲಸ ಕೊಟ್ಟೆ. ಅದರ ಗೂಡಿನೊಳಕ್ಕೆ ಅದು ಇರುವಾಗ ಕೈಹಾಕಬೇಡಿ. ಹೊರಗೆ ಬಂದಾಗ ಶುಚಿ ಮಾಡಿ. ಕಿವಿ ಹಿಡಿದು ಎತ್ತುವುದಂತೂ ಎಂದಿಗೂ ಕೂಡದು.

ಮೂರನೆಯದು, ಬೇಡವಾದ ಕಡೆ ಬಿದ್ದದ್ದನ್ನು ತೆಗೆಯುವ ಬಗೆ. ಸ್ವಲ್ಪ ವಿನೆಗರ್ ಅನ್ನು ನೀರಿಗೆ ಬೆರೆಸಿ ಒರೆಸಿದರೆ ಬಿಳಿಯ ಕಲೆಯೂ ವಾಸನೆಯೂ ಹೋಗುತ್ತವೆ. ಗಾರೆ ನೆಲಕ್ಕೂ ಅಮೃತಶಿಲೆಗೂ ಹುಳಿ ಆಗದು. ಅಲ್ಲಿ ಸಾಬೂನಿನ ನೀರೇ ಸಾಕು.

ನಾಲ್ಕನೆಯದು, ಅಂಕೆ. ಒಮ್ಮೆಲೇ ಮನೆಯೆಲ್ಲ ಬಿಟ್ಟುಕೊಡಬೇಡಿ. ಒಂದು ಕೋಣೆಯಲ್ಲಿ ಅಭ್ಯಾಸವಾದ ಮೇಲೆ ಇನ್ನೊಂದು. ಹಾಸಿಗೆ ದಿಂಬುಗಳು ಮೆತ್ತಗಿದ್ದು ನಮ್ಮ ವಾಸನೆಯನ್ನೂ ಹೊತ್ತಿರುವುದರಿಂದ ಅವುಗಳ ಮೇಲೆ ಅದಕ್ಕೆ ಕಣ್ಣು. ಮಲಗುವ ಕೋಣೆಯ ಬಾಗಿಲು ಮುಚ್ಚಿರಲಿ. ಹೊಸ ಸಾಮಾನು, ಹೊಸ ನೆಂಟರು, ಕಿಟಕಿಗೆ ಬರುವ ಬೆಕ್ಕು, ಮುಖ್ಯವಾಗಿ ಇನ್ನೊಂದು ಮೊಲ – ಇವುಗಳಿಂದ ಬಿಟ್ಟ ಚಾಳಿ ಮರುಕಳಿಸುವುದುಂಟು. ಎರಡನೆಯ ಮೊಲ ತರುವುದಾದರೆ, ಎರಡಕ್ಕೂ ಹೊಸದಾದ ಜಾಗದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಪರಿಚಯ ಮಾಡಿಸಿ. ನೀರನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ನೀರು ಕಡಮೆಯಾದರೆ ಆ ಸುಣ್ಣವೇ ಮೂತ್ರಕೋಶದಲ್ಲಿ ಗಟ್ಟಿಯಾಗಿ ಪ್ರಾಣಕ್ಕೆ ಬಂದೀತು.

ಹೊಡೆಯುವುದರ ಬಗ್ಗೆ ಕೊನೆಯ ಮಾತು. ಮೊಲ ನಮ್ಮ ಮೇಲಿನ ಸೇಡಿಗಾಗಿ ಗುರುತು ಹಾಕುವುದಿಲ್ಲ. ಜಾಗ ತನ್ನದೋ ಅಲ್ಲವೋ ಎಂಬ ಅನುಮಾನ ಬಂದಾಗ ಹಾಕುತ್ತದೆ. ಹೊಡೆತದಿಂದ ಆ ಅನುಮಾನ ಕಡಮೆಯಾದೀತೆ? ಇನ್ನಷ್ಟು ಬೆಳೆಯುತ್ತದೆ. ಇದು ತರಗತಿಗೂ ಸಲ್ಲುವ ಮಾತೆಂದು ನನಗೆ ಹೊಳೆದದ್ದು, ಸಂಕೋಚದಿಂದಲೇ ಹೇಳುತ್ತೇನೆ, ಐವತ್ತು ದಾಟಿದ ಮೇಲೆ.

ಅಂದು ಬುಟ್ಟಿಯನ್ನು ಹಿಂದಕ್ಕೆ ತಂದೆ. ಮಗಳಿಟ್ಟ ಗರಿಕೆಯನ್ನು ಮೊಲ ದಾರಿಯಲ್ಲೇ ತಿಂದು ಮುಗಿಸಿತ್ತು. ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂದೂವರೆ ತಿಂಗಳಿಗೆ ಗೋಡೆಗೆ ಚಿಮ್ಮಿಸುವುದು ನಿಂತಿತು. ನಾಲ್ಕಾರು ಹಿಕ್ಕೆ ಇಂದಿಗೂ ಬಾಗಿಲ ಬಳಿ ಬೀಳುತ್ತವೆ. ಅಷ್ಟಕ್ಕೆ ಪೊರಕೆ ಇದೆ. ಮಂಚದ ಅಡಿಯಿಂದ ಅದು ನನ್ನ ಬಳಿಗೆ ತಾನಾಗಿ ಬರುವುದಕ್ಕೆ ಮಾತ್ರ ಇನ್ನೂ ಹೆಚ್ಚು ದಿನ ಹಿಡಿಯಿತು. ಅದು ನನ್ನ ಲೆಕ್ಕಕ್ಕೆ ಸೇರಿದ ಬಾಕಿ.

ತಾಯಿಯವರು ಗಳುವನ್ನು ಒಂದು ಮೊಳ ಮೇಲಕ್ಕೆ ಕಟ್ಟಿಸಿದರು. “ಅದರ ಮೂಲೆ ಅದಕ್ಕಿರಲಿ, ನನ್ನ ಮೂಲೆ ನನಗಿರಲಿ” ಎಂದರು. ಈಗ ಪೂಜೆಗೆ ಗರಿಕೆ ತಂದ ದಿನ, ಮಿಕ್ಕದ್ದನ್ನು ದೂರದಿಂದಲೇ ಆ ಟ್ರೇಗೆ ಹಾಕುವವರೂ ಅವರೇ.