ಮಂಜರಾಬಾದ್ ಯಾರ ಲೆಕ್ಕಕ್ಕೆ?

ಹಾಸನದವರಿಗೆ ಮಂಜರಾಬಾದ್ ಕೋಟೆಯ ಪರಿಚಯ ಬೇಕಿಲ್ಲ. ಶಾಲೆಯ ಪ್ರವಾಸದಲ್ಲಿ ಆ ಮೆಟ್ಟಿಲು ಹತ್ತದವರು ಈ ಸಭೆಯಲ್ಲಿ ಕಡಿಮೆ. ನನ್ನ ತಕರಾರು ಇಷ್ಟೇ: ಆ ಕೋಟೆಯನ್ನು ಮಲೆನಾಡಿನ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ, ಅದು ಸೇರಬೇಕಾದದ್ದು ಕಡಲಿನ ಲೆಕ್ಕಕ್ಕೆ.

ಇಂಗ್ಲೆಂಡ್, ಫ್ರಾನ್ಸ್ ಕಡಲಿನ ಮೇಲೆ ಕಾದಾಡಿದ್ದು ನಿಮಗೆ ಗೊತ್ತು. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಕಡಲೂರಿನಲ್ಲಿ ಹೈದರನನ್ನು ಕಂಡ. ಮರುವರ್ಷದ ಆರಂಭದಲ್ಲೇ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಹಡಗಿನಿಂದಿಳಿದು, ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಟಿಪ್ಪು ಅದನ್ನು ಕಿತ್ತುಕೊಂಡು ಮಂಗಳೂರಿಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ತುಕಡಿ ಜೊತೆಗಿತ್ತು. ಯುರೋಪಿನಲ್ಲಿ ರಾಜಿಯಾದ ಸುದ್ದಿ ಬಂದದ್ದೇ ತಡ, ಅದು ಹಿಂದೆ ಸರಿಯಿತು. ಟಿಪ್ಪು ಒಂಟಿಯಾದ.

ಹೊಳೆನರಸೀಪುರದಲ್ಲಿ ನಮಗೆ ಚರಿತ್ರೆ ಹೇಳಿದ ಮೇಷ್ಟ್ರು ಯುದ್ಧದ ಇಸವಿ ಕೇಳುತ್ತಿರಲಿಲ್ಲ. ಭೂಪಟ ತೂಗುಹಾಕಿ, "ಅಕ್ಕಿ ಯಾವ ದಾರೀಲಿ ಬಂತು, ಮದ್ದು ಯಾವ ದಾರೀಲಿ ಬಂತು, ಹೇಳ್ರಪ್ಪ" ಅನ್ನೋರು. ಅದೇ ಪ್ರಶ್ನೆಯನ್ನು 1792ಕ್ಕೆ ಕೇಳಿ ನೋಡಿ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರ್ ಹೋಯಿತು, ಕೊಡಗೂ ಹೋಯಿತು. ಹೊರಗಿನ ಮದ್ದುಗುಂಡು, ಹೊರಗಿನ ಸ್ನೇಹ ಬರಬೇಕಾದರೆ ಉಳಿದ ದೊಡ್ಡ ಬಾಗಿಲು ಮಂಗಳೂರು. ಅಲ್ಲಿಂದ ರಾಜಧಾನಿಗೆ ಬರುವ ದಾರಿಯ ಮೇಲೆ, ಅದೇ ವರ್ಷ, ಈ ಎಂಟು ಮೂಲೆಯ ಕೋಟೆ ಎದ್ದಿತು.

ಗೋಡೆಯ ಮೇಲೆ ನಿಂತರೆ ಅದರ ಬುದ್ಧಿ ತಿಳಿಯುತ್ತದೆ. ಒಂದು ಮೂಲೆಯ ತೋಪು ಪಕ್ಕದ ಮೂಲೆಯ ಬುಡವನ್ನು ಕಾಯುತ್ತದೆ. ಶತ್ರು ಅವಿತುಕೊಳ್ಳಲು ಗೋಡೆಯಡಿ ಜಾಗವೇ ಇಲ್ಲ. ಇದು ಹದಿನಾಲ್ಕನೇ ಲೂಯಿಯ ಎಂಜಿನಿಯರ್ ವೋಬಾನ್ ಪಳಗಿಸಿದ ವಿದ್ಯೆ. ತಿಳಿಯಾದ ದಿನ ಅಲ್ಲಿಂದ ಕಡಲು ಕಾಣುತ್ತದೆ ಅನ್ನುತ್ತಾರೆ.

ಅರಕಲಗೂಡಿನ ಗೆಳೆಯರೊಬ್ಬರು ನನ್ನ ವಾದ ಒಪ್ಪುವುದಿಲ್ಲ. "ಕೊಡಗು ಕೈತಪ್ಪಿತಲ್ಲ, ಪಕ್ಕದ ಮನೆಯೇ ಹಗೆಯಾಯಿತು. ಕೋಟೆಗೆ ಅಷ್ಟೇ ಕಾರಣ ಸಾಕು, ಕಡಲನ್ನೇಕೆ ಎಳೆದು ತರುತ್ತೀರಿ?" ಅನ್ನುತ್ತಾರೆ. ಅವರ ಮಾತಿಗೆ ತೂಕವಿದೆ. 1799ರಲ್ಲಿ ಬೊಂಬಾಯಿಯ ಸೈನ್ಯ ಬಂದದ್ದು ಕೊಡಗಿನ ಮೇಲೆಯೇ.

ಆದರೂ ಟಿಪ್ಪು 1796ರಲ್ಲಿ ದೊಡ್ಡ ನೌಕಾಪಡೆ ಕಟ್ಟಲು ಆಜ್ಞೆ ಮಾಡಿದನಲ್ಲ, ಆ ಯೋಚನೆ ಇದ್ದಕ್ಕಿದ್ದಂತೆ ಹುಟ್ಟಿತೇ? 1798ರಲ್ಲಿ ನೈಲ್ ನದಿಯ ಮುಖದಲ್ಲಿ ನೆಲ್ಸನ್ ಫ್ರೆಂಚ್ ಹಡಗುಗಳನ್ನು ನಾಶ ಮಾಡದಿದ್ದರೆ, ಮಂಗಳೂರಿಗೆ ನೆರವು ಬರುತ್ತಿತ್ತೇ? ಬಂದಿದ್ದರೂ, 1783ರ ಹಾಗೆ ನಡುವೆಯೇ ಕೈಬಿಡುತ್ತಿರಲಿಲ್ಲ ಎಂದು ಯಾರು ಹೇಳಬಲ್ಲರು?