ಸೂರ್ಯನ ಬೆಳಕಿಗೂ ಸಾಲ ಕೊಟ್ಟವರು



ಸೋಲಾರ್ ಉದ್ಯಮದ ಮೊದಲಿಗರ ಬಗ್ಗೆ ಮಾತಾಡಿ ಎಂದು ಸಂಚಾಲಕರು ಅಪ್ಪಣೆ ಮಾಡಿದ್ದಾರೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋದ ಕಥೆ ನಿಮಗೆಲ್ಲ ಬಾಯಿಪಾಠ, ಅದನ್ನು ಬಿಡುತ್ತೇನೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. 1989ರಲ್ಲಿ ಬೆಂಗಳೂರಿಗೆ ಟಾಟಾ ಬಿಪಿ ಸೋಲಾರ್ ಬಂತು. 1995ರಲ್ಲಿ ಹರೀಶ್ ಹಂದೆಯವರೂ ಅಮೆರಿಕದ ನೆವಿಲ್ ವಿಲಿಯಮ್ಸರೂ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. ಚರಿತ್ರೆ ಇಷ್ಟು ಸಾಕು. ನನ್ನ ತಕರಾರು ಇರುವುದು ಈ ಪಟ್ಟಿಯ ಮೇಲೆ.

ಇದರಲ್ಲಿ ವಿಜ್ಞಾನಿಗಳಿದ್ದಾರೆ, ಕಂಪನಿ ಕಟ್ಟಿದವರಿದ್ದಾರೆ. ಸೋಲಾರ್ ದೀಪಕ್ಕೆ ಧೈರ್ಯ ಮಾಡಿ ಸಾಲ ಮಂಜೂರು ಮಾಡಿದ ಬ್ರಾಂಚ್ ಮ್ಯಾನೇಜರು ಇಲ್ಲ. ಮಳೆಗಾಲದಲ್ಲಿ ಬ್ಯಾಟರಿ ನೋಡಲು ಬೈಕಿನಲ್ಲಿ ಹೋದ ಐಟಿಐ ಹುಡುಗನೂ ಇಲ್ಲ. ಅವರಿಬ್ಬರಿಲ್ಲದೆ ಈ ಉದ್ಯಮವೇ ಇಲ್ಲ ಎನ್ನುವುದು ನನ್ನ ವಾದ.

ಹಂದೆಯವರು ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಡೊಮಿನಿಕನ್ ಗಣರಾಜ್ಯದಲ್ಲಿ ಬಡವರು ದುಡ್ಡು ಕೊಟ್ಟು ಸೋಲಾರ್ ದೀಪ ಉರಿಸುವುದನ್ನು ಕಂಡು, ತಮ್ಮ ಪಿಎಚ್‌ಡಿ ವಿಷಯವನ್ನೇ ಬದಲಿಸಿದರು. ಇಲ್ಲಿಗೆ ಬಂದಾಗ ತಂತ್ರಜ್ಞಾನ ಸಿದ್ಧವಿತ್ತು, ಇರದಿದ್ದದ್ದು ಸಾಲ. ಎಮ್ಮೆಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ದೀಪಕ್ಕೆ ಕೊಟ್ಟರೆ ಏನು ಬರುತ್ತದೆ? ಆ ಕಾಲದ ಬ್ಯಾಂಕಿನವರ ಪ್ರಶ್ನೆ ಇದು. ಆದರೂ ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ದೀಪದ ಸಾಲಕ್ಕೆ ಬಾಗಿಲು ತೆರೆದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ, ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಒಂದು ಯೋಜನೆ ಮಾಡಿತು. ದೀಪದ ಬೆಲೆಯನ್ನು ಮುಟ್ಟದೆ, ಸಾಲದ ಬಡ್ಡಿಯನ್ನು ಇಳಿಸಿತು. ಹತ್ತು ಸಾವಿರಕ್ಕೂ ಮಿಕ್ಕಿ ಮನೆಗಳಿಗೆ ಬೆಳಕು ಬಂತು. ಈ ಉದ್ಯಮದ ನಿಜವಾದ ಆವಿಷ್ಕಾರ ನನ್ನ ಮಟ್ಟಿಗೆ ಇದೇ.

ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಆದರೆ ಕೊಡಬಲ್ಲೆ ಎಂದು ಬೀದಿ ವ್ಯಾಪಾರದ ಹೆಂಗಸೊಬ್ಬರು ಹೇಳಿದ್ದನ್ನು ಹಂದೆಯವರು ಮತ್ತೆ ಮತ್ತೆ ನೆನೆಯುತ್ತಾರೆ. ನಮ್ಮ ಸಾಲಿಗ್ರಾಮದ ಸೀಮೆಗೇ ಹೊಂದಿಸಿ ನೋಡಿ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನವರಿಗೆ ಹರಾಜು ಕಟ್ಟೆ ತೆರೆದ ಮೇಲೆ ದುಡ್ಡು. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯ ದಿನ. ಹೆಗ್ಗಡದೇವನಕೋಟೆ ತಾಲ್ಲೂಕಿನ ಆದಿವಾಸಿ ಹಾಡಿಯಿಂದ ಕೊಡಗಿನ ಕಾಫಿ ತೋಟಕ್ಕೆ ಹೋಗುವವರಿಗೆ ಕೂಲಿ ಕೈಗೆ ಬಂದಾಗ. ಒಂದೇ ದೀಪಕ್ಕೆ ಮೂರು ಬಗೆಯ ಕಂತು ಬೇಕು. ಇದನ್ನು ಅರಿತ ಮ್ಯಾನೇಜರು ವಿಜ್ಞಾನಿಗೆ ಕಡಿಮೆಯೆ?

ಐಟಿಐ ಹುಡುಗನ ವಿಷಯಕ್ಕೆ ಬಂದರೆ, ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೆನಪಾಗುತ್ತಾರೆ. ಚುಂಚನಕಟ್ಟೆ ಜಾತ್ರೆಗೆ ಕರೆದುಕೊಂಡು ಹೋಗಿ, ಧುಮುಕುವ ಕಾವೇರಿಯ ಮುಂದೆ ನಿಲ್ಲಿಸಿ, ನೀರಿನಿಂದ ಕರೆಂಟು ಬರುವ ಬಗೆ ವಿವರಿಸಿದರು. ಆಮೇಲೆ, “ಅದು ಯಾರ ಮನೆಗೆ ಹೋಗುತ್ತೆ, ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ, ಅದನ್ನೂ ಬರ್ಕೊಳ್ರಪ್ಪ” ಎಂದರು. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಬಡವರಿಗೆ ಬೇಕಾದದ್ದು ಯೂನಿಟ್ಟಿನ ಲೆಕ್ಕವಲ್ಲ, ಬೆಳಕು, ನೀರು, ಅಡುಗೆ ಎಂದು ಅಮೂಲ್ಯ ರೆಡ್ಡಿಯವರು ವಾದಿಸಿದ್ದನ್ನು ಓದಿದಾಗ, ನಮ್ಮ ಮೇಷ್ಟ್ರೇ ಮಾತಾಡಿದಂತಾಯಿತು.

ರಿಪೇರಿಯ ಪ್ರಶ್ನೆಗೆ ಕಂತೇ ಉತ್ತರ. ಪುಕ್ಕಟೆ ಕೊಟ್ಟ ದೀಪ ಬ್ಯಾಟರಿ ಸತ್ತ ದಿನವೇ ಅನಾಥವಾಗುತ್ತದೆ. ಕಂತು ಕಟ್ಟಿದವನು ಅಂಗಡಿಗೆ ಬಂದು ದಬಾಯಿಸುತ್ತಾನೆ, ಆ ದಬಾವಣೆಯಿಂದಲೇ ಮೆಕ್ಯಾನಿಕ್ಕಿನ ಕೆಲಸ ಉಳಿಯುತ್ತದೆ. ಹೀಗೆಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ.

ಆದರೆ ನಾಲೆಯ ನೀರಿನ ಈ ಸೀಮೆಯಲ್ಲಿ ನಿಂತು ಅದನ್ನೇ ಹೇಳುವಾಗ ನಾಲಿಗೆ ತಡೆಯುತ್ತದೆ. 10 ಎಚ್‌ಪಿವರೆಗಿನ ನಮ್ಮ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. 2023ರಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೂ 200 ಯೂನಿಟ್‌ವರೆಗೆ ಉಚಿತ. ಕಂಬ, ತಂತಿ ತಲುಪಿದವರಿಗೆ ಬೆಳಕು ದಾನವಾಗಿ ಬರುವಾಗ, ತಂತಿ ತಲುಪದ ಕಾಡಂಚಿನ ಹಾಡಿಯವರು ಮಾತ್ರ ಯಾಕೆ ಕಂತು ಕಟ್ಟಬೇಕು? ಹಾಗಂತ ಅವರಿಗೂ ಪುಕ್ಕಟೆ ಹಂಚಿದರೆ, ಐದು ವರ್ಷದ ಮೇಲೆ ಬ್ಯಾಟರಿ ಬದಲಿಸುವವರು ಯಾರು? ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿರುವ ಈ ಕಾಲದಲ್ಲಿ, ನಮ್ಮೂರ ಐಟಿಐ ಹುಡುಗನಿಗೆ ಆ ಪಾರ್ಕಿನ ಕೆಲಸಕ್ಕೆ ಹೋಗು ಎನ್ನಲೆ, ಇಲ್ಲೇ ಅಂಗಡಿ ಇಡು ಎನ್ನಲೆ?

ಉತ್ತರ ನನ್ನಲ್ಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಈಗಲೇ ಎದ್ದು ಹೇಳಿ, ಕೂತು ಕೇಳುತ್ತೇನೆ.